ಕ್ಷಯ ಮತ್ತು ಎಚ್.ಐ.ವಿ. ಚಿಕಿತ್ಸೆಯ ಗಣಕ ದಾಖಲೆಗಳು: ಬರೆದುದೆಷ್ಟು, ನಿಜವೆಷ್ಟು?

ಕ್ಷಯರೋಗದ ಸಾಮಾನ್ಯ ಚಿಕಿತ್ಸೆ ಆರು ತಿಂಗಳ ಅವಧಿಯದು. ಎಚ್.ಐ.ವಿ. ಸೋಂಕಿನ ಚಿಕಿತ್ಸೆ ಬದುಕಿರುವವರೆಗೂ ನಡೆಯಬೇಕಾದುದು. ಇಷ್ಟು ದೀರ್ಘಕಾಲ ಒಬ್ಬರೇ ವೈದ್ಯರು ಒಬ್ಬ ರೋಗಿಯನ್ನು ನೋಡುತ್ತ ಬರುವುದು ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಅಪರೂಪ. ವೈದ್ಯರಿಗೆ ವರ್ಗವಾಗುತ್ತದೆ, ಆರೋಗ್ಯ ಕಾರ್ಯಕರ್ತೆ ಬದಲಾಗುತ್ತಾಳೆ, ರೋಗಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗುತ್ತಾನೆ. ಆದುದರಿಂದ ಈ ಎರಡು ಕಾಯಿಲೆಗಳಲ್ಲಿ ನೆನಪಿಟ್ಟುಕೊಳ್ಳುವ ಕೆಲಸವನ್ನು ದಾಖಲೆಯೇ ಮಾಡಬೇಕಾಗುತ್ತದೆ. ಯಾವ ಮಾತ್ರೆ, ಎಂದಿನಿಂದ, ಎಷ್ಟು ದಿನ ತಪ್ಪಿತು, ಕಫದ ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದು ಬರೆದಿರದಿದ್ದರೆ ಮುಂದಿನ ವೈದ್ಯರು ಕತ್ತಲೆಯಲ್ಲಿಯೇ ಔಷಧ ಬರೆಯಬೇಕು.

ಈ ದಾಖಲೆಗಳು ಕಳೆದ ಎರಡು ದಶಕಗಳಲ್ಲಿ ಕಾಗದದಿಂದ ಗಣಕಯಂತ್ರಕ್ಕೆ ಬಂದಿವೆ. ಗಣಕಕ್ಕೆ ಬಂದುದರಿಂದ ಅವು ಹೆಚ್ಚು ನಿಜವಾದವೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಊರೊಂದು, ಉದ್ಯೋಗದ ನಗರ ಇನ್ನೊಂದು ಎಂಬಂತೆ ಬದುಕುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ.

ಕಾಗದದ ಕಾಲ

ಕ್ಷಯ ಚಿಕಿತ್ಸೆಯಲ್ಲಿ ದಾಖಲೆಗೆ ಇಷ್ಟು ಮಹತ್ವ ಬಂದುದರ ಹಿಂದೆ ಚೆನ್ನೈ ನಗರದ ಪಾತ್ರ ದೊಡ್ಡದು. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಸಂಶೋಧನಾ ಕೇಂದ್ರವು, ಸ್ಯಾನಟೋರಿಯಮ್ಮಿನಲ್ಲಿ ಮಲಗಿಸಿ ಚಿಕಿತ್ಸೆ ಕೊಟ್ಟ ರೋಗಿಗಳನ್ನೂ ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದ ಬಡ ರೋಗಿಗಳನ್ನೂ ಹೋಲಿಸಿ ನೋಡಿತು. ಒಂದು ವರ್ಷದ ಕೊನೆಗೆ ಇಬ್ಬರ ಗುಣವೂ ಹೆಚ್ಚುಕಡಿಮೆ ಸಮನಾಗಿತ್ತು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಸ್ಯಾನಟೋರಿಯಮ್ಮುಗಳ ಬಾಗಿಲು ಮುಚ್ಚಿಸಿತು ಎಂದರೂ ಸಲ್ಲುತ್ತದೆ. ಆದರೆ ನಮ್ಮ ವಿಷಯಕ್ಕೆ ಬೇಕಾದುದು ಅದರ ಇನ್ನೊಂದು ಅಂಶ. ಮನೆಯಲ್ಲಿರುವ ರೋಗಿ ಮಾತ್ರೆ ನುಂಗಿದೆ ಎಂದು ಹೇಳಿದುದನ್ನು ಆ ಸಂಶೋಧಕರು ಹಾಗೆಯೇ ಬರೆದುಕೊಳ್ಳಲಿಲ್ಲ. ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸಿದರು, ಮೂತ್ರದಲ್ಲಿ ಔಷಧದ ಅಂಶವಿದೆಯೇ ಎಂದು ಪರೀಕ್ಷಿಸಿದರು. ದಾಖಲೆಯನ್ನು ನಂಬಬೇಕಾದರೆ ದಾಖಲೆಯ ಹೊರಗಿನ ಸಾಕ್ಷಿಯೊಂದು ಬೇಕು ಎಂಬ ಪಾಠ ಅಂದೇ ಅಲ್ಲಿತ್ತು.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಜಿಲ್ಲಾ ಮಟ್ಟದ ಕಾರ್ಯಕ್ರಮಕ್ಕೆ ತರಬೇತಿಯನ್ನೂ ರೂಪವನ್ನೂ ಕೊಟ್ಟಿತು. 1970ರ ದಶಕದ ಕೊನೆಯಲ್ಲಿ ಟಾಂಜಾನಿಯಾ ದೇಶದಲ್ಲಿ ದುಡಿದ ಕಾರೆಲ್ ಸ್ಟಿಬ್ಲೊ ಎಂಬ ವೈದ್ಯ, ಇಂದಿಗೂ ಉಳಿದುಬಂದಿರುವ ಲೆಕ್ಕದ ಪದ್ಧತಿಯೊಂದನ್ನು ಬಳಕೆಗೆ ತಂದ. ಒಂದು ತ್ರೈಮಾಸಿಕದಲ್ಲಿ ಹೆಸರು ನೋಂದಾಯಿಸಿದ ರೋಗಿಗಳನ್ನೆಲ್ಲ ಒಂದು ಗುಂಪೆಂದು ಹಿಡಿದು, ಅವರಲ್ಲಿ ಗುಣವಾದವರು, ಚಿಕಿತ್ಸೆ ಮುಗಿಸಿದವರು, ಸತ್ತವರು, ವಿಫಲರಾದವರು, ನಡುವೆ ಬಿಟ್ಟವರು, ಬೇರೆಡೆಗೆ ಹೋದವರು ಎಂದು ಪ್ರತಿಯೊಬ್ಬರ ಲೆಕ್ಕವನ್ನೂ ಒಪ್ಪಿಸಬೇಕು. ನೂರು ಹೆಸರು ಬರೆದಿದ್ದರೆ ನೂರಕ್ಕೂ ಉತ್ತರ ಹೇಳಬೇಕು. ನಮ್ಮ ಹಳೆಯ ಅಂಗಡಿಗಳ ಕಿರ್ದಿ-ಖಾತೆಯಂತೆಯೇ ಇದು. ತಾಳೆ ಬೀಳದಿದ್ದರೆ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ.

ಭಾರತದಲ್ಲಿ ಈ ಪದ್ಧತಿಯು ಪರಿಷ್ಕೃತ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದೊಡನೆ 1997ರಿಂದ ಹರಡಿ, 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ರೋಗಿಯ ಚಿಕಿತ್ಸಾ ಕಾರ್ಡು, ಪ್ರಯೋಗಾಲಯದ ರಿಜಿಸ್ಟರು, ಕ್ಷಯ ರಿಜಿಸ್ಟರು ಎಂಬ ಮೂರು ಇದರ ಆಧಾರ. ಉಚಿತ ಎಚ್.ಐ.ವಿ. ಚಿಕಿತ್ಸೆಯು 2004ರ ಏಪ್ರಿಲ್ 1ರಂದು ಮುಂಬಯಿಯ ಜೆ.ಜೆ. ಆಸ್ಪತ್ರೆ, ಚೆನ್ನೈ ಬಳಿಯ ತಾಂಬರಂ ಆಸ್ಪತ್ರೆಯೇ ಮೊದಲಾದ ಕೆಲವು ಕಡೆ ಆರಂಭವಾದಾಗ ಅಲ್ಲಿಯೂ ಇಂಥದೇ ವ್ಯವಸ್ಥೆ ಬಂದಿತು. ಕೇಂದ್ರದಲ್ಲಿ ಉಳಿಯುವ ಬಿಳಿ ಕಾರ್ಡು, ರೋಗಿಯ ಕೈಯಲ್ಲಿರುವ ಹಸಿರು ಪುಸ್ತಕ ಇವು ಈ ಕೇಂದ್ರಗಳಿಗೆ ಹೋಗಿಬರುವವರಿಗೆಲ್ಲ ಪರಿಚಿತ.

ಗಣಕ ಬಂದ ಬಗೆ

ಹೊರದೇಶಗಳಲ್ಲಿ ಈ ಪ್ರಯೋಗ ಬೇಗ ಆರಂಭವಾಯಿತು. ಔಷಧಕ್ಕೆ ಜಗ್ಗದ ಕ್ಷಯದ ರೋಗಿಗಳಿಗಾಗಿ ಪೆರು ದೇಶದ ಲಿಮಾದಲ್ಲಿಯೂ, ಕೀನ್ಯಾದ ಎಲ್ಡೊರೆಟ್ ನಗರದ ಸುತ್ತಲಿನ ಗ್ರಾಮೀಣ ಕೇಂದ್ರಗಳಲ್ಲಿಯೂ 2001ರ ಸುಮಾರಿಗೆ ಗಣಕ ದಾಖಲೆಗಳು ಬಂದವು. ಇವೆರಡರ ಅನುಭವ ಸೇರಿ ಓಪನ್ ಎಂ.ಆರ್.ಎಸ್. ಎಂಬ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ ಹುಟ್ಟಿತು. ದಕ್ಷಿಣ ಆಫ್ರಿಕಾ 2010ರಲ್ಲಿ ಒಂದು ವಿವೇಕದ ದಾರಿ ಹಿಡಿಯಿತು: ಕರೆಂಟು, ಜಾಲ ಎರಡೂ ಇಲ್ಲದ ಕಡೆ ಕಾಗದ, ಕರೆಂಟು ಮಾತ್ರ ಇರುವ ಕಡೆ ಜಾಲವಿಲ್ಲದ ಗಣಕ, ಎರಡೂ ಇರುವ ಕಡೆ ಜಾಲಕ್ಕೆ ಸೇರಿದ ಗಣಕ. ಮೂರರಲ್ಲಿಯೂ ಬರೆಯುವ ವಿಷಯ ಒಂದೇ.

ಮಲಾವಿ ದೇಶದ ಮಾದರಿಯ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಆ ಬಡ ದೇಶ 2004ರಲ್ಲಿ ಎಚ್.ಐ.ವಿ. ಚಿಕಿತ್ಸೆ ಆರಂಭಿಸಿದಾಗ, ಕ್ಷಯ ಕಾರ್ಯಕ್ರಮದ ಗುಂಪು-ಲೆಕ್ಕವನ್ನೇ ಅದಕ್ಕೆ ಅಳವಡಿಸಿತು. ಮೇಲ್ವಿಚಾರಕರ ತಂಡಗಳು ಮೂರು ತಿಂಗಳಿಗೊಮ್ಮೆ ಪ್ರತಿ ಕೇಂದ್ರಕ್ಕೂ ಹೋಗಿ ಕಾರ್ಡುಗಳೊಡನೆ ವರದಿಯನ್ನು ತಾಳೆ ನೋಡುತ್ತಿದ್ದವು. ಅನಂತರ ದೊಡ್ಡ ಕೇಂದ್ರಗಳಿಗೆ ಬೆರಳಿನಿಂದ ಮುಟ್ಟಿ ಬಳಸುವ ಪರದೆಗಳು ಬಂದವು. ರೋಗಿ ಎದುರಿಗೆ ಕುಳಿತಿರುವಾಗಲೇ ದಾದಿ ಅಥವಾ ವೈದ್ಯಕೀಯ ಸಹಾಯಕರು ಅದರಲ್ಲಿ ಬರೆಯುತ್ತಾರೆ. ಒಂದು ಪ್ರಶ್ನೆಗೆ ಉತ್ತರಿಸದೆ ಇನ್ನೊಂದು ಬರುವುದಿಲ್ಲ. ಯಾರಿಗೆ ಆ ಮಾಹಿತಿ ಬೇಕೋ ಅವರೇ, ಬೇಕಾದ ಹೊತ್ತಿಗೇ ಬರೆಯುತ್ತಾರೆ ಎಂಬುದು ಇದರ ಗುಟ್ಟು.

ನಮ್ಮಲ್ಲಿ 2012ರ ವರೆಗೂ ಜಿಲ್ಲೆಗಳಿಂದ ದೆಹಲಿಗೆ ಹೋಗುತ್ತಿದ್ದುದು ಹೆಸರುಗಳಲ್ಲ, ಮೊತ್ತಗಳು. ಆ ವರ್ಷ ಮೇ 7ರಂದು ಕ್ಷಯವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಕೇಂದ್ರ ಸರಕಾರ ಘೋಷಿಸಿತು. ಅದೇ ವರ್ಷ ಪ್ರತಿ ರೋಗಿಗೂ ಪ್ರತ್ಯೇಕ ಸಂಖ್ಯೆ ಕೊಡುವ ‘ನಿಕ್ಷಯ್’ ಎಂಬ ಜಾಲ ವ್ಯವಸ್ಥೆ ಆರಂಭವಾಯಿತು. ಕ್ಷಯವಿಲ್ಲದ್ದು ಎಂಬ ಅರ್ಥದ ಈ ಹೆಸರನ್ನು ಇಟ್ಟವರಿಗೆ ಭಾಷೆಯ ರುಚಿ ಇದ್ದಿರಬೇಕು. 2018ರಲ್ಲಿ ಅದು ಹೊಸ ರೂಪ ತಾಳಿ, ಸರಕಾರಿ ಮತ್ತು ಖಾಸಗಿ ರೋಗಿಗಳನ್ನು ಒಂದೇ ಕಡೆ ಸೇರಿಸಿತು. ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಆ ವರ್ಷದ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ಬ್ಯಾಂಕಿಗೆ ಸಂದಾಯವಾಗುವುದೂ ಈ ದಾಖಲೆಯ ಮೂಲಕವೇ. ಹೆಸರಿನ ಅಕ್ಷರ ತಪ್ಪಿದರೆ, ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹಣ ಬರುವುದಿಲ್ಲ. ಬಡ ರೋಗಿಗೆ ದಾಖಲೆಯ ಗುಣಮಟ್ಟ ಎಂದರೆ ಮೊದಲು ಇದೇ.

ಖಾಲಿ ಬಿಟ್ಟ ಅಂಕಣ

ದಾಖಲೆಯ ಗುಣಮಟ್ಟವನ್ನು ತಜ್ಞರು ನಾಲ್ಕು ಮಾತುಗಳಲ್ಲಿ ಅಳೆಯುತ್ತಾರೆ. ಬೇಕಾದುದೆಲ್ಲ ತುಂಬಿದೆಯೇ, ತುಂಬಿದುದು ಸರಿಯೇ, ಹೊತ್ತಿಗೆ ಸರಿಯಾಗಿ ತುಂಬಿದೆಯೇ, ಒಂದು ಕಡೆ ಬರೆದುದಕ್ಕೂ ಇನ್ನೊಂದು ಕಡೆ ಬರೆದುದಕ್ಕೂ ಹೊಂದಿಕೆ ಇದೆಯೇ. ಕೇಳಲು ಇವು ಗುಮಾಸ್ತರ ಚಿಂತೆಗಳಂತೆ ತೋರುತ್ತವೆ. ರೋಗಿಯ ದೇಹದಲ್ಲಿ ಇವು ಏನಾಗುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ.

ಎಚ್.ಐ.ವಿ. ಚಿಕಿತ್ಸೆಯಲ್ಲಿ ಇಂದು ಮುಖ್ಯವಾಗಿ ಬಳಸುವ ಔಷಧ ಡೊಲುಟೆಗ್ರಾವಿರ್. ದಿನಕ್ಕೊಮ್ಮೆ 50 ಮಿಲಿಗ್ರಾಂ ಸಾಕು. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್, ಯಕೃತ್ತನ್ನು ಚುರುಕುಗೊಳಿಸಿ ಡೊಲುಟೆಗ್ರಾವಿರ್ ರಕ್ತದಲ್ಲಿ ಬೇಗನೆ ಕರಗಿಹೋಗುವಂತೆ ಮಾಡುತ್ತದೆ. ಆದುದರಿಂದ ಎರಡೂ ಕಾಯಿಲೆ ಇರುವವರಿಗೆ ಹನ್ನೆರಡು ಗಂಟೆಗಳ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಕೊಡಬೇಕು. ಕ್ಷಯ ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಅದನ್ನು ಮುಂದುವರಿಸಬೇಕು. ಎಚ್.ಐ.ವಿ. ಕೇಂದ್ರದ ದಾಖಲೆಯಲ್ಲಿ ‘ಕ್ಷಯ ಚಿಕಿತ್ಸೆ’ ಎಂಬ ಅಂಕಣ ಖಾಲಿ ಉಳಿದರೆ ಆ ಎರಡನೆಯ ಮಾತ್ರೆ ರೋಗಿಗೆ ಸಿಗುವುದಿಲ್ಲ. ಸೋಂಕು ಔಷಧದ ಎದುರು ನಿಲ್ಲಲು ಕಲಿಯುತ್ತದೆ. ಅತ್ತ ಕ್ಷಯ ಕೇಂದ್ರದ ದಾಖಲೆಯಲ್ಲಿ ಎಚ್.ಐ.ವಿ. ಅಂಕಣ ಖಾಲಿಯಿದ್ದರೆ, ಹೊಸದಾಗಿ ಪತ್ತೆಯಾದವನಿಗೆ ಎರಡು ವಾರದೊಳಗೆ ಆರಂಭವಾಗಬೇಕಾದ ಎಚ್.ಐ.ವಿ. ಚಿಕಿತ್ಸೆಯೇ ಆರಂಭವಾಗುವುದಿಲ್ಲ. (ಮಿದುಳು ಪೊರೆಯ ಕ್ಷಯವಿದ್ದರೆ ಮಾತ್ರ ವೈದ್ಯರು ಇನ್ನಷ್ಟು ಕಾಯುತ್ತಾರೆ.) ಎಚ್.ಐ.ವಿ. ಇರುವವರ ಸಾವಿಗೆ ಕ್ಷಯವೇ ಅತಿ ದೊಡ್ಡ ಕಾರಣ ಎಂಬುದನ್ನು ನೆನೆದರೆ ಆ ಖಾಲಿ ಅಂಕಣದ ಬೆಲೆ ತಿಳಿಯುತ್ತದೆ.

ಖಾಲಿ ಅಂಕಣಕ್ಕೆ ಅರ್ಥಗಳೂ ಹಲವು. ಪರೀಕ್ಷೆ ಮಾಡಲಿಲ್ಲವೇ, ಮಾಡಿದರೂ ಫಲಿತಾಂಶ ಬರಲಿಲ್ಲವೇ, ಬಂದರೂ ಬರೆಯಲಿಲ್ಲವೇ, ರೋಗಿ ಒಪ್ಪಲಿಲ್ಲವೇ? ಕಾಗದದಲ್ಲಿ ಅನುಭವಿ ಕಾರ್ಯಕರ್ತೆ ಅಂಚಿನಲ್ಲಿ ಒಂದು ಟಿಪ್ಪಣಿ ಬರೆದಿರುತ್ತಿದ್ದಳು. ಗಣಕದಲ್ಲಿ ಅಂಚೇ ಇಲ್ಲ. ಖಾಲಿ ಬಿಡಲು ಬಾರದಂತೆ ಅಂಕಣವನ್ನು ಕಡ್ಡಾಯ ಮಾಡಿದರೆ ಸಮಸ್ಯೆ ತೀರಿತೆಂದು ಮೇಲಿನವರು ಭಾವಿಸುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಅಪಾಯದ ಉಪಾಯ. ತೂಕದ ಯಂತ್ರ ಕೆಟ್ಟಿದ್ದರೂ ಕಡ್ಡಾಯವಾಗಿ ತೂಕ ಬರೆಯಲೇಬೇಕಾದರೆ ಕಳೆದ ತಿಂಗಳ ತೂಕವೇ ಈ ತಿಂಗಳೂ ಬರುತ್ತದೆ. ಖಾಲಿ ಅಂಕಣ ತನ್ನ ಅಜ್ಞಾನವನ್ನು ಒಪ್ಪಿಕೊಳ್ಳುತ್ತದೆ. ಬಲವಂತವಾಗಿ ತುಂಬಿದ ಅಂಕಣ ಸುಳ್ಳು ಹೇಳುತ್ತದೆ.

ಬರೆಯುವವರ ಪಾಡನ್ನೂ ನೋಡಬೇಕು. ಕಾಗದ ಹೋಗಿ ಗಣಕ ಬಂದಿತೆಂದು ನಾವು ಹೇಳುತ್ತೇವೆ. ಅನೇಕ ಕಡೆ ಕಾಗದ ಹೋಗಲಿಲ್ಲ, ಗಣಕ ಅದರ ಮೇಲೆ ಬಂದು ಕುಳಿತಿತು. ಅದೇ ಮಾಹಿತಿಯನ್ನು ಕಾರ್ಡಿನಲ್ಲಿ, ರಿಜಿಸ್ಟರಿನಲ್ಲಿ, ಆಮೇಲೆ ಪರದೆಯಲ್ಲಿ ಎಂದು ಮೂರು ಸಲ ಬರೆಯುವವರು, ದಿನವಿಡೀ ಬಿಸಿಲಿನಲ್ಲಿ ಮನೆಮನೆ ಸುತ್ತಿ ಬಂದು, ತಿಂಗಳ ಕೊನೆಯಲ್ಲಿ ಒಟ್ಟಿಗೆ ಕುಳಿತು ತುಂಬಿಸುವುದು ಸಹಜವೇ. ಹಾಗೆ ತುಂಬಿದ ದಾಖಲೆ ವರದಿಗೆ ಸರಿಯಾದೀತು. ಹತ್ತು ದಿನದಿಂದ ಮಾತ್ರೆಗೆ ಬಾರದವನನ್ನು ಇಂದೇ ಹುಡುಕಿ ಹೋಗಲು ಅದು ಪ್ರಯೋಜನಕ್ಕೆ ಬಾರದು.

ಊರಿಗೆ ಹೋದವರ ಲೆಕ್ಕ

ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುವ, ಕುಂದಾಪುರದ ಕಡೆಯ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳೋಣ. ಕೆಮ್ಮು ಬಿಡದೆ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯವೆಂದು ತಿಳಿಯುತ್ತದೆ. ಮುಂಬಯಿಯ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಕುಲನಾಮ ಎಂದು ದಾಖಲೆಯಾಗುತ್ತದೆ. ಎರಡು ತಿಂಗಳಲ್ಲಿ ಮೈಯಲ್ಲಿ ಶಕ್ತಿ ಉಡುಗಿ, ಹೋಟೆಲಿನ ಮಾಳಿಗೆಯಲ್ಲಿ ಮಲಗಿರಲಾರದೆ ಊರಿಗೆ ಹೋಗುತ್ತಾನೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೆಯವರು ಕರೆಯುವ ಹೆಸರನ್ನು ಹೇಳುತ್ತಾನೆ, ಇನಿಶಿಯಲ್ ಬೇರೆ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು ಮೂರು ದಾರಿಗಳಿವೆ. ವಯಸ್ಸು ಅಂದಾಜಿನದು. ಮುಂಬಯಿಯ ಸಿಮ್ ಊರಿನಲ್ಲಿ ಬಿಸಾಡಿದ್ದಾನೆ. ಗಣಕದ ಕಣ್ಣಿಗೆ ಇವರು ಇಬ್ಬರು.

ಫಲವೇನು? ಮುಂಬಯಿಯಲ್ಲಿ ಆತ ‘ಚಿಕಿತ್ಸೆ ಬಿಟ್ಟವನು’. ಊರಿನಲ್ಲಿ ಆತ ಹೊಸ ರೋಗಿ. ಒಂದು ಕಡೆ ಸೋಲು ಬರೆಯಲ್ಪಟ್ಟಿತು, ಇನ್ನೊಂದು ಕಡೆ ಇಲ್ಲದ ಹೊಸ ರೋಗಿ ಎಣಿಕೆಗೆ ಬಂದ. ಇದಕ್ಕಿಂತ ಕೆಟ್ಟದ್ದೆಂದರೆ, ಮುಂಬಯಿಯಲ್ಲಿ ಕಳುಹಿಸಿದ ಕಫದ ಮಾದರಿಯಲ್ಲಿ ರಿಫಾಂಪಿಸಿನ್‌ಗೆ ಜಗ್ಗದ ಕ್ಷಯವೆಂಬ ಫಲಿತಾಂಶ ಬಂದಿದ್ದರೆ ಅದು ಮುಂಬಯಿಯ ಹೆಸರಿನಲ್ಲಿಯೇ ಉಳಿಯುತ್ತದೆ. ಊರಿನಲ್ಲಿ ಕೆಲಸ ಮಾಡದ ಮಾತ್ರೆಗಳನ್ನೇ ಆತ ನುಂಗುತ್ತಿರುತ್ತಾನೆ, ಮನೆಯ ಮಕ್ಕಳೊಡನೆ ಮಲಗುತ್ತಿರುತ್ತಾನೆ. ನಿಕ್ಷಯ್ ವ್ಯವಸ್ಥೆಯಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗಿಯ ದಾಖಲೆಯನ್ನು ವರ್ಗಾಯಿಸಲು ಸಾಧ್ಯವಿದೆ, ಕಾಗದದ ಕಾಲದ ವರ್ಗಾವಣೆ ಚೀಟಿಗಿಂತ ಇದು ಎಷ್ಟೋ ಮೇಲು. ಆದರೆ ಹೋಗುವವನು ಹೇಳಿ ಹೋಗಬೇಕು, ಬಂದಲ್ಲಿ ಸಂಖ್ಯೆ ತೋರಿಸಬೇಕು.

ಹೀಗೆ ‘ತಪ್ಪಿಹೋದವರು’ ನಿಜವಾಗಿ ಏನಾದರು ಎಂಬುದನ್ನು ಆಫ್ರಿಕಾದ ಎಚ್.ಐ.ವಿ. ಕೇಂದ್ರಗಳಲ್ಲಿ ಹುಡುಕಿ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 17 ಅಧ್ಯಯನಗಳ 6420 ಮಂದಿಯ ಲೆಕ್ಕವನ್ನು ಒಟ್ಟುಗೂಡಿಸಿತು. ಪತ್ತೆಯಾದವರಲ್ಲಿ ಸುಮಾರು ಶೇಕಡಾ 40 ಮಂದಿ ಸತ್ತಿದ್ದರು. ಉಳಿದವರಲ್ಲಿ ಹಲವರು ಬೇರೆ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಸತ್ತವನೂ, ಸುಖವಾಗಿ ಬೇರೆಡೆ ಮಾತ್ರೆ ನುಂಗುತ್ತಿರುವವನೂ ಒಂದೇ ಶಬ್ದದೊಳಗೆ ಅಡಗಿದ್ದಾರೆ ಎಂದಾಯಿತು. ಆ ಶಬ್ದದ ಬಗ್ಗೆಯೂ ಒಂದು ಮಾತು: ಸಾಲ ತೀರಿಸದವನಿಗೆ ಹೇಳುವಂತೆ ಇವರನ್ನು ‘ಡಿಫಾಲ್ಟರ್’ ಎಂದು ಬರೆಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೈಬಿಟ್ಟಿತು. ನಮ್ಮ ಆಡುಮಾತಿನಲ್ಲಿ ಅದಿನ್ನೂ ಹೋಗಿಲ್ಲ.

ಮಿಸ್ಡ್ ಕಾಲಿನ ಸಾಕ್ಷಿ

ಮಾತ್ರೆ ನುಂಗಿದುದನ್ನು ರೋಗಿಯೇ ದಾಖಲಿಸುವ ಒಂದು ಜಾಣ ಉಪಾಯ ಬೆಂಗಳೂರಿನಲ್ಲಿ ರೂಪುಗೊಂಡಿತು. 99ಡಾಟ್ಸ್ ಎಂಬುದು ಅದರ ಹೆಸರು. ಮಾತ್ರೆಯ ಪಟ್ಟಿಯನ್ನು ಒಂದು ರಟ್ಟಿನ ಹೊದಿಕೆಯಲ್ಲಿ ಇಟ್ಟಿರುತ್ತಾರೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ದೂರವಾಣಿ ಸಂಖ್ಯೆ ಕಾಣುತ್ತದೆ. ಅದಕ್ಕೆ ಕಾಸಿಲ್ಲದ ಕರೆ ಮಾಡಿದರೆ ಆ ದಿನದ ಮಾತ್ರೆ ನುಂಗಿದನೆಂದು ಗಣಕದಲ್ಲಿ ಗುರುತು ಬೀಳುತ್ತದೆ. ಎಚ್.ಐ.ವಿ. ಮತ್ತು ಕ್ಷಯ ಎರಡೂ ಇರುವವರಲ್ಲಿ ಇದು ಮೊದಲಿಗೆ ವ್ಯಾಪಕವಾಗಿ ಬಳಕೆಗೆ ಬಂದಿತು. ದಿನವೂ ಆಸ್ಪತ್ರೆಗೆ ಹೋಗಿ ಕಾರ್ಯಕರ್ತರ ಎದುರಿಗೆ ಮಾತ್ರೆ ನುಂಗುವ ಕಷ್ಟವೂ ತಪ್ಪಿತು, ಕೂಲಿಯೂ ಉಳಿಯಿತು.

ಆದರೆ ಈ ಗುರುತುಗಳನ್ನು ಎಷ್ಟು ನಂಬಬಹುದು? ಚೆನ್ನೈ, ವೆಲ್ಲೂರು ಮತ್ತು ಮುಂಬಯಿಗಳಲ್ಲಿ ಸಂಶೋಧಕರು ಮುನ್ಸೂಚನೆಯಿಲ್ಲದೆ ರೋಗಿಗಳ ಮನೆಗೆ ಹೋಗಿ ಮೂತ್ರದಲ್ಲಿ ಐಸೊನಿಯಾಜಿಡ್ ಇದೆಯೇ ಎಂದು ನೋಡಿ, ಗಣಕದ ಗುರುತಿನೊಡನೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅಷ್ಟೇನೂ ಸಮಾಧಾನಕರವಾಗಿರಲಿಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರಿದ್ದರು. ಕರೆ ಮಾಡಿಯೂ ನುಂಗದವರಿದ್ದರು. ಈ ಅಧ್ಯಯನದಲ್ಲಿ ಮುಖ್ಯ ಪಾತ್ರ ವಹಿಸಿದುದು 1956ರಲ್ಲಿ ಮನೆಮನೆಗೆ ಹೋಗಿ ಮಾತ್ರೆ ಎಣಿಸಿದ ಆ ಚೆನ್ನೈ ಕೇಂದ್ರವೇ, ಈಗಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಅರುವತ್ತು ವರ್ಷಗಳಲ್ಲಿ ಉಪಕರಣ ಬದಲಾಯಿತು. ಬಾಗಿಲು ತಟ್ಟಿ ನೋಡುವ ಕೆಲಸ ಬದಲಾಗಲಿಲ್ಲ.

ಪಟ್ಟಿಯಲ್ಲಿಯೇ ಇಲ್ಲದವರು

ಇಲ್ಲಿಯ ವರೆಗೆ ಹೇಳಿದುದೆಲ್ಲ ದಾಖಲೆಗೆ ಬಂದವರ ಮಾತು. ಬಾರದವರ ಲೆಕ್ಕವನ್ನು ದಾಖಲೆಯನ್ನೇ ನೋಡಿ ತಿಳಿಯಲಾಗದು. ಖಾಸಗಿ ಅಂಗಡಿಗಳಲ್ಲಿ ಮಾರಾಟವಾದ ಕ್ಷಯದ ಔಷಧದ ಪ್ರಮಾಣವನ್ನು ಹಿಡಿದು ಲೆಕ್ಕ ಹಾಕಿದ ಸಂಶೋಧಕರು, 2014ರಲ್ಲಿ ಭಾರತದ ಖಾಸಗಿ ವಲಯದಲ್ಲಿ ಸುಮಾರು 22 ಲಕ್ಷ ಮಂದಿ ಕ್ಷಯ ಚಿಕಿತ್ಸೆ ಪಡೆದಿರಬಹುದೆಂದು 2016ರಲ್ಲಿ ಅಂದಾಜು ಮಾಡಿದರು. ಅದಕ್ಕೆ ಹಿಂದೆ ಊಹಿಸಿದ್ದುದಕ್ಕಿಂತ ಇದು ಎರಡು ಮೂರು ಪಟ್ಟು. ವರದಿ ಮಾಡುವ ಖಾಸಗಿ ವೈದ್ಯರಿಗೆ ಹೆಸರು ಕೊಟ್ಟಾಗ 500 ರೂಪಾಯಿ, ಚಿಕಿತ್ಸೆಯ ಫಲ ತಿಳಿಸಿದಾಗ 500 ರೂಪಾಯಿ ಕೊಡುವ ವ್ಯವಸ್ಥೆಯೂ, ವರದಿ ಮಾಡದಿದ್ದರೆ ಶಿಕ್ಷೆಗೆ ಅವಕಾಶವೂ 2018ರಲ್ಲಿ ಬಂದವು. ಹೆಸರುಗಳು ಹೆಚ್ಚಿದವು. ಹೆಸರಿನ ಮುಂದಿನ ಅಂಕಣಗಳು ಹೆಸರಿನಷ್ಟೇ ವೇಗವಾಗಿ ತುಂಬಲಿಲ್ಲ ಎಂಬುದು ಈ ಕ್ಷೇತ್ರದಲ್ಲಿರುವವರ ಸಾಮಾನ್ಯ ದೂರು.

ಸರಕಾರಿ ಕೇಂದ್ರಗಳಲ್ಲಿಯೂ ಒಂದು ಕಿಂಡಿ ಇದೆ. ಪ್ರಯೋಗಾಲಯದಲ್ಲಿ ರೋಗ ಪತ್ತೆಯಾಗಿ, ಫಲಿತಾಂಶ ಕೇಳಲು ಮರಳಿ ಬಾರದವರು ಚಿಕಿತ್ಸೆಯ ದಾಖಲೆಗೆ ಸೇರುವುದೇ ಇಲ್ಲ. ದಾಖಲೆಯ ಗುಣ ಪರೀಕ್ಷಿಸಲು ಬಂದವರು ನಿಜವಾಗಿ ಮಾಡಬೇಕಾದುದು ಇಷ್ಟು: ಮೊದಲು ಪ್ರಯೋಗಾಲಯದ ರಿಜಿಸ್ಟರು ತೆಗೆದು, ರೋಗವಿದೆ ಎಂದು ಬರೆದ ಪ್ರತಿ ಹೆಸರೂ ಗಣಕದಲ್ಲಿದೆಯೇ ಎಂದು ನೋಡುವುದು, ಗಣಕದ ಹತ್ತು ಹೆಸರು ಆರಿಸಿ ಅವರ ಕಾರ್ಡಿನೊಡನೆ ಹೋಲಿಸುವುದು, ಔಷಧದ ದಾಸ್ತಾನು ಇಷ್ಟು ರೋಗಿಗಳಿಗೆ ಹೊಂದುವಷ್ಟು ಕರಗಿದೆಯೇ ಎಂದು ಎಣಿಸುವುದು, ಕೊನೆಗೆ ಒಬ್ಬಿಬ್ಬರ ಮನೆಗೆ ಹೋಗುವುದು. ಪರದೆಯ ಮೇಲಿನ ಬಣ್ಣದ ನಕ್ಷೆಗಳನ್ನು ಮಾತ್ರ ನೋಡಿ ಹೋಗುವ ಮೇಲ್ವಿಚಾರಣೆಗೆ ನಮ್ಮ ಮಟ್ಟಿಗೆ ಹೆಚ್ಚಿನ ಬೆಲೆ ಇಲ್ಲ.

ಗುಟ್ಟು ಮತ್ತು ಹೆದರಿಕೆ

ಕ್ಷಯದ ದಾಖಲೆ ಮತ್ತು ಎಚ್.ಐ.ವಿ. ದಾಖಲೆ ಎರಡು ಬೇರೆ ವ್ಯವಸ್ಥೆಗಳಲ್ಲಿವೆ. ಎರಡನ್ನೂ ಒಂದುಗೂಡಿಸಿದರೆ ಮೇಲೆ ಹೇಳಿದ ಖಾಲಿ ಅಂಕಣದ ತೊಂದರೆ ತೀರಬಹುದಲ್ಲವೇ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ, 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ರೋಗಿಯ ಒಪ್ಪಿಗೆಯಿಲ್ಲದೆ ಆತನ ಸೋಂಕಿನ ವಿಷಯವನ್ನು ಹೊರಗೆಡಹುವುದನ್ನು, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿದೆ. ದಾಖಲೆಗಳನ್ನು ಕಾಪಾಡುವ ಹೊಣೆಯನ್ನೂ ಹೊರಿಸಿದೆ. ಇದು ಅನಗತ್ಯ ಜಾಗ್ರತೆಯಲ್ಲ. ಸೋಂಕಿನ ಸುದ್ದಿ ಹೊರಬಿದ್ದು ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಕಳೆದುಕೊಂಡವರು ನಮ್ಮ ನಗರಗಳಲ್ಲಿದ್ದಾರೆ. ಚಿಕಿತ್ಸೆ ಕೊಡುವ ವೈದ್ಯರಿಗೆ ಎರಡೂ ಕಾಣಬೇಕು, ಉಳಿದವರಾರಿಗೂ ಕಾಣಬಾರದು ಎಂಬ ಕಿರಿದಾದ ದಾರಿಯಲ್ಲಿ ಈ ವ್ಯವಸ್ಥೆಗಳು ನಡೆಯಬೇಕಾಗಿದೆ.

ತಪ್ಪು ದಾಖಲೆಯ ಒಂದು ಮೂಲ ಇಲ್ಲಿಯೇ ಇದೆ, ಅದನ್ನು ಯಾವ ತಂತ್ರಾಂಶವೂ ತಿದ್ದಲಾರದು. ಊರಿನವರಿಗೆ, ಒಂದೇ ಚಾಳಿನಲ್ಲಿರುವ ಬಂಧುಗಳಿಗೆ, ಧಣಿಗೆ ತಿಳಿದೀತೆಂಬ ಹೆದರಿಕೆಯಿಂದ ರೋಗಿ ಬೇಕೆಂದೇ ಬೇರೆ ವಿಳಾಸ ಕೊಡುತ್ತಾನೆ, ಗೆಳೆಯನ ಫೋನ್ ನಂಬರು ಕೊಡುತ್ತಾನೆ, ಪರಿಚಯದವರಿಲ್ಲದ ದೂರದ ಕೇಂದ್ರಕ್ಕೆ ಹೋಗುತ್ತಾನೆ. ಗುಮಾಸ್ತನ ಬೆರಳು ತಪ್ಪಿದುದಲ್ಲ ಇದು. ಆ ತಪ್ಪು ವಿಳಾಸದಲ್ಲಿ ಅರ್ಧ ಪಾಲು ನಮ್ಮದು.

ಚಿಕಿತ್ಸೆಯ ನಡುವೆ ಊರಿಗೆ ಹೊರಡುವವರು, ಅಥವಾ ಅಂಥವರ ಬಂಧುಗಳು, ತಿಳಿದಿರಬೇಕಾದ ಕೆಲವು ಸಂಗತಿಗಳು ಹೀಗಿವೆ. ಕ್ಷಯದ ರೋಗಿಯ ನಿಕ್ಷಯ್ ಸಂಖ್ಯೆ ದೇಶದಲ್ಲೆಲ್ಲ ಒಂದೇ. ಅದನ್ನು ಬರೆದಿಟ್ಟುಕೊಂಡು ಹೋಗಬೇಕು. ಹೊರಡುವ ಮೊದಲು ಕೇಂದ್ರದಲ್ಲಿ ಹೇಳಿ, ದಾಖಲೆಯನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸಲು ಕೇಳಬೇಕು. ದಾರಿಗೆ ಸಾಕಾಗುವಷ್ಟು ಮಾತ್ರೆಯನ್ನೂ ಕೇಳಿ ಪಡೆಯಬೇಕು. ಚಿಕಿತ್ಸಾ ಕಾರ್ಡು, ಕಫ ಪರೀಕ್ಷೆಯ ಫಲಿತಾಂಶದ ಪ್ರತಿ ಜೊತೆಯಲ್ಲಿರಲಿ. ಎಚ್.ಐ.ವಿ. ಚಿಕಿತ್ಸೆಯಲ್ಲಿರುವವರು ಹಸಿರು ಪುಸ್ತಕವನ್ನು ಒಯ್ಯಬೇಕು, ಕ್ಷಯದ ಮಾತ್ರೆ ಆರಂಭವಾದ ದಿನವನ್ನೂ ಮುಗಿದ ದಿನವನ್ನೂ ಎಚ್.ಐ.ವಿ. ಕೇಂದ್ರದವರಿಗೆ ತಾವಾಗಿಯೇ ತಿಳಿಸಬೇಕು. ಕ್ಷಯದ ಬಗ್ಗೆ 1800-11-6666, ಎಚ್.ಐ.ವಿ. ಬಗ್ಗೆ 1097 ಸಂಖ್ಯೆಗಳಿಗೆ ಖರ್ಚಿಲ್ಲದೆ ಕರೆ ಮಾಡಿ ವಿಚಾರಿಸಬಹುದು.